ದಿನಾಂಕ ಕೊಟ್ಟರೆ ಖಾಲಿ ಬರುವ ಫಾರಂ: ಒಂದು ಆಕ್ಸೆಸ್ ಡೇಟಾಬೇಸ್ ರಿಪೇರಿ

ಸಹಕಾರ ಸಂಘವೊಂದರ ರಸೀದಿ ಲೆಕ್ಕವನ್ನು ಇಟ್ಟಿರುವ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್‌ನಲ್ಲಿ, ಎರಡು ದಿನಾಂಕಗಳ ನಡುವಿನ ರಸೀದಿಗಳನ್ನು ತೋರಿಸಬೇಕಾದ ಫಾರಂ ಕೆಲವು ಸಲ ಸರಿಯಾಗಿ ತುಂಬಿಕೊಳ್ಳುತ್ತಿತ್ತು, ಕೆಲವು ಸಲ ಪೂರ್ತಿ ಖಾಲಿ ಬರುತ್ತಿತ್ತು, ಇನ್ನು ಕೆಲವು ಸಲ ಕೇಳದೇ ಇದ್ದ ತಿಂಗಳುಗಳ ರಸೀದಿಗಳನ್ನೂ ಎಳೆದು ತಂದು ಸುರಿಯುತ್ತಿತ್ತು. ಅದನ್ನು ಸರಿಪಡಿಸಿದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದೋಷ ಒಂದೇ ಆಗಿರಲಿಲ್ಲ. ಒಂದರ ಹಿಂದೆ ಇನ್ನೊಂದು ಅಡಗಿತ್ತು, ಮೊದಲಿನದನ್ನು ತೆಗೆದ ಮೇಲಷ್ಟೇ ಅದರ ಹಿಂದಿನದು ಕಾಣಿಸಿಕೊಳ್ಳುತ್ತಿತ್ತು. ಆದರೂ ಬಹುಪಾಲು ತೊಂದರೆಗಳ ಬೇರು ಒಂದೇ ಕಡೆ ಇತ್ತು. ಡೇಟಾಬೇಸ್‌ನ ಒಳಗೆ ದಿನಾಂಕವೆಂಬುದು ಒಂದು ಸಂಖ್ಯೆ. ಅದನ್ನು ಅಕ್ಷರಗಳ ಸಾಲಾಗಿ ಮಾಡಿ, ಮತ್ತೆ ದಿನಾಂಕವಾಗಿಸಲು ಹೊರಟ ಪ್ರತಿಯೊಂದು ಜಾಗದಲ್ಲೂ ಒಂದು ತಪ್ಪು ಕುಳಿತಿತ್ತು.

ಮೊದಲು ವ್ಯವಸ್ಥೆಯನ್ನು ಹೇಳಿಬಿಡುತ್ತೇನೆ. ಟೇಬಲ್‌ಗಳಿರುವ ಫೈಲ್ ಕಚೇರಿಯ ಒಂದು ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರಿನಲ್ಲಿದೆ. ಫಾರಂ, ಕ್ವೆರಿ (ಟೇಬಲ್‌ಗಳಿಂದ ಬೇಕಾದ ಸಾಲುಗಳನ್ನು ಆರಿಸಿ ತರುವ ಆದೇಶ), ರಿಪೋರ್ಟ್‌ಗಳಿರುವ ಇನ್ನೊಂದು ಫೈಲಿನ ಒಂದೊಂದು ಪ್ರತಿ ಕೌಂಟರಿನಲ್ಲಿಯೂ ಕಾರ್ಯದರ್ಶಿಗಳ ಮೇಜಿನಲ್ಲಿಯೂ ಇವೆ. ಹುಡುಕಾಟದ ಫಾರಂನ ಮೇಲ್ಭಾಗದಲ್ಲಿ ‘ಇಂದ’, ‘ವರೆಗೆ’ ಎಂಬ ಎರಡು ಟೆಕ್ಸ್ಟ್ ಬಾಕ್ಸ್‌ಗಳು, ಪಕ್ಕದಲ್ಲಿ ‘ತೋರಿಸು’ ಎಂಬ ಬಟನ್, ಕೆಳಗೆ ರಸೀದಿಗಳು ಸಾಲುಸಾಲಾಗಿ ಬರಬೇಕಾದ ಸಬ್‌ಫಾರಂ, ಅಂದರೆ ಫಾರಂನೊಳಗಿನ ಫಾರಂ. ಟೇಬಲ್, ಕಾಲಂಗಳ ನಿಜವಾದ ಹೆಸರುಗಳು ಇಂಗ್ಲಿಷಿನಲ್ಲಿವೆ; ಓದುವ ಅನುಕೂಲಕ್ಕಾಗಿ ಅವನ್ನೂ ಆದೇಶಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪಿಸುವವರು ಇಂಗ್ಲಿಷಿನಲ್ಲೇ ಟೈಪಿಸಬೇಕು. ಈ ಫಾರಂ ಅನ್ನು ಮೊದಲು ಮಾಡಿದವರು ಬೇರೆ, ನಡುವೆ ತಿದ್ದಿದವರು ಬೇರೆ. ಎರಡು ಕೈಗಳ ಗುರುತು ಕೋಡಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಕೌಂಟರಿನ ಗುಮಾಸ್ತರು ಕೊಟ್ಟ ದೂರಿನಲ್ಲಿಯೇ ಅರ್ಧ ಉತ್ತರವಿತ್ತು. “ಸಾರ್, ಕಾರ್ಯದರ್ಶಿಗಳ ಕಂಪ್ಯೂಟರಲ್ಲಿ ಅದೇ ತಾರೀಕು ಹಾಕಿದ್ರೆ ಸರಿ ಬರ್ತದೆ, ನಮ್ಮಲ್ಲಿ ಮಾತ್ರ ಖಾಲಿ. ನಮ್ಮಲ್ಲೂ ತಿಂಗಳ ಕೊನೆ ಕೊನೆಗೆ ಸರಿಯಾಗ್ತದೆ” ಎಂದಿದ್ದರು. ಒಂದೇ ಟೇಬಲ್, ಒಂದೇ ಫಾರಂ, ಒಂದೇ ದಿನಾಂಕ ಇದ್ದೂ ಫಲಿತಾಂಶ ಬೇರೆಯಾಗುತ್ತಿದೆ ಎಂದರೆ ದತ್ತಾಂಶ ಕೆಟ್ಟಿಲ್ಲ, ಕಂಪ್ಯೂಟರಿನ ಯಾವುದೋ ಸೆಟ್ಟಿಂಗ್ ಕೈಯಾಡಿಸುತ್ತಿದೆ ಎಂದು ಅರ್ಥ. ತಿಂಗಳ ಕೊನೆಗೆ ಸರಿಯಾಗುತ್ತದೆ ಎಂಬ ಮಾತು ಅದಕ್ಕಿಂತಲೂ ಬೆಲೆಯುಳ್ಳದ್ದು. ಇಂಥ ದೂರುಗಳನ್ನು ಕೇಳುವಾಗ “ಯಾವ ದಿನಾಂಕ ಹಾಕಿದಿರಿ” ಎಂದು ಕೇಳಿ, ಕೊಟ್ಟ ಉತ್ತರವನ್ನು ಹಾಗೆಯೇ ಬರೆದುಕೊಳ್ಳುವುದು ಒಳ್ಳೆಯದು. “ಕೆಲವೊಮ್ಮೆ ಬರುವುದಿಲ್ಲ” ಎಂಬ ದೂರಿನಿಂದ ಯಾರೂ ಏನನ್ನೂ ಕಂಡುಹಿಡಿಯಲಾರರು.

ಫಾರಂ ಖಾಲಿ ಬಂದಾಗ ಫಾರಂ ಅನ್ನೇ ತಿದ್ದಲು ಹೊರಡುವುದು ಸಾಮಾನ್ಯ ಅಭ್ಯಾಸ. ಅದಕ್ಕೆ ಮೊದಲು, ಫಾರಂಗೆ ಸಾಲುಗಳನ್ನು ಒದಗಿಸುವ ಕ್ವೆರಿಯನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಕ್ವೆರಿಯಲ್ಲಿ ಸಾಲುಗಳು ಬಂದು ಫಾರಂನಲ್ಲಿ ಬಾರದಿದ್ದರೆ ಫಾರಂನ ಗುಣಗಳನ್ನು ನೋಡಬೇಕು: ಡೇಟಾ ಎಂಟ್ರಿ ಎಂಬುದು ‘ಎಸ್’ ಆಗಿದ್ದರೆ ಅದು ಹಳೆಯ ದಾಖಲೆಗಳನ್ನು ತೋರಿಸದೆ ಹೊಸ ದಾಖಲೆಯ ಜಾಗವನ್ನು ಮಾತ್ರ ತೋರಿಸುತ್ತದೆ; ಹಿಂದೆಂದೋ ಹಾಕಿ ಸೇವ್ ಆಗಿ ಉಳಿದ ಫಿಲ್ಟರ್, ‘ಫಿಲ್ಟರ್ ಆನ್ ಲೋಡ್’ ಜೊತೆಗೂಡಿ ತೆರೆಯುವಾಗಲೇ ಸಾಲುಗಳನ್ನು ಮರೆಮಾಡಬಹುದು; ಸಬ್‌ಫಾರಂ ಆಗಿದ್ದರೆ ಮುಖ್ಯ ಫಾರಂ ಜೊತೆಗಿನ ಕೊಂಡಿಯ ಕಾಲಂಗಳು ತಪ್ಪಿರಬಹುದು. ಕ್ವೆರಿಯಲ್ಲಿಯೇ ಸಾಲುಗಳು ಬರದಿದ್ದರೆ ಇದಾವುದನ್ನೂ ಮುಟ್ಟುವ ಅಗತ್ಯವಿಲ್ಲ. ಇಲ್ಲಿ ಕ್ವೆರಿಯೇ ಖಾಲಿಯಾಗಿತ್ತು.

ಆದರೆ ಸಾಲುಗಳಿಲ್ಲದಿದ್ದರೆ ಬರಿಯ ಸಾಲುಗಳು ಇಲ್ಲವಾಗಬೇಕು. ಕಾಲಂಗಳ ಹೆಸರು, ಟೆಕ್ಸ್ಟ್ ಬಾಕ್ಸ್‌ಗಳು ಎಲ್ಲವೂ ಮಾಯವಾಗಿ ಬೂದು ಬಣ್ಣದ ಹಾಳೆ ಮಾತ್ರ ಉಳಿಯುವುದೇಕೆ? ಇದು ಹಲವರನ್ನು ಹೆದರಿಸುತ್ತದೆ, ಫಾರಂ ಕೆಟ್ಟೇ ಹೋಯಿತು ಎಂದುಕೊಂಡು ಬ್ಯಾಕಪ್ ಹುಡುಕುವವರಿದ್ದಾರೆ. ಆಕ್ಸೆಸ್ ಫಾರಂನ ವಿವರದ ಭಾಗ ಕಾಣಿಸಿಕೊಳ್ಳಬೇಕಾದರೆ ತೋರಿಸಲು ಒಂದಾದರೂ ದಾಖಲೆ ಇರಬೇಕು, ಇಲ್ಲವೇ ಹೊಸ ದಾಖಲೆ ಸೇರಿಸುವ ಅವಕಾಶವಾದರೂ ಇರಬೇಕು. ಎರಡೂ ಇಲ್ಲದಿದ್ದರೆ ಆ ಭಾಗ ಪೂರ್ತಿ ಖಾಲಿಯಾಗುತ್ತದೆ. ಈ ಸಬ್‌ಫಾರಂ ಬರಿಯ ನೋಡುವುದಕ್ಕಾಗಿ ಇದ್ದುದರಿಂದ ‘ಅಲೋ ಅಡಿಷನ್ಸ್’ ಅನ್ನು ‘ನೋ’ ಮಾಡಲಾಗಿತ್ತು, ಅದು ಸರಿಯೇ. ಗ್ರೂಪ್ ಮಾಡಿದ ಮೊತ್ತಗಳ ಕ್ವೆರಿಯಂತೆ ತಿದ್ದಲಾಗದ ಕ್ವೆರಿ ಹಿಂದಿದ್ದರೂ ಇದೇ ಆಗುತ್ತದೆ. ಹಾಗಾಗಿ ಖಾಲಿ ಹಾಳೆ ಎಂದರೆ “ಸೊನ್ನೆ ಸಾಲುಗಳು” ಎಂಬ ಉತ್ತರವೇ ಹೊರತು ಬೇರೇನಲ್ಲ.

ಇನ್ನು ಸೊನ್ನೆ ಸಾಲುಗಳು ಏಕೆ ಬಂದವು ಎಂಬುದಕ್ಕೆ ಬಟನ್‌ನ ಕೋಡ್ ತೆರೆದೆ. ಅಲ್ಲಿ ಕ್ವೆರಿಗಳ ಭಾಷೆಯಾದ ಎಸ್‌ಕ್ಯೂಎಲ್‌ನ ವಾಕ್ಯವನ್ನು ತುಂಡುತುಂಡಾಗಿ ಜೋಡಿಸಿ, ನಡುವೆ ಟೆಕ್ಸ್ಟ್ ಬಾಕ್ಸ್‌ನಲ್ಲಿದ್ದುದನ್ನು ಎರಡು ಹ್ಯಾಷ್ ಚಿಹ್ನೆಗಳ ಮಧ್ಯೆ ಅಂಟಿಸಿ, ಸಬ್‌ಫಾರಂಗೆ ಸಾಲುಗಳು ಎಲ್ಲಿಂದ ಬರಬೇಕೆಂದು ಹೇಳುವ ರೆಕಾರ್ಡ್ ಸೋರ್ಸ್ ಗುಣಕ್ಕೆ ಕೊಡಲಾಗಿತ್ತು. ಜೋಡಣೆ ಮುಗಿದ ಕೂಡಲೇ ಡೀಬಗ್ ಪ್ರಿಂಟ್ ಆದೇಶವನ್ನು ಸೇರಿಸಿ, ಕಂಟ್ರೋಲ್ ಜೊತೆಗೆ ಜಿ ಒತ್ತಿ ಇಮ್ಮೀಡಿಯೆಟ್ ವಿಂಡೋ ತೆರೆದು ನೋಡಿದರೆ, ಕೌಂಟರಿನ ಕಂಪ್ಯೂಟರಿನಲ್ಲಿ 10ನೇ ಏಪ್ರಿಲ್‌ನಿಂದ 20ನೇ ಏಪ್ರಿಲ್‌ವರೆಗೆ ಎಂದು ಕೇಳಿದಾಗ ಸಿದ್ಧವಾದ ಷರತ್ತು ಹೀಗಿತ್ತು:

ವೇರ್ ರಸೀದಿದಿನಾಂಕ >= #10-04-2024# ಆಂಡ್ ರಸೀದಿದಿನಾಂಕ <= #20-04-2024#

ಕಣ್ಣಿಗೆ ಇದರಲ್ಲಿ ಏನೂ ತಪ್ಪಿಲ್ಲ. ಈ ವಾಕ್ಯವನ್ನು ಹಾಗೆಯೇ ನಕಲು ಮಾಡಿ, ಹೊಸ ಕ್ವೆರಿಯೊಂದರ ಎಸ್‌ಕ್ಯೂಎಲ್ ವ್ಯೂನಲ್ಲಿ ಅಂಟಿಸಿ, ಡಿಸೈನ್ ವ್ಯೂಗೆ ಬದಲಾಯಿಸಿದರೆ ಗುಟ್ಟು ಬಯಲಾಗುತ್ತದೆ: ಮೊದಲ ದಿನಾಂಕ ಅಲ್ಲಿ 04-10-2024 ಎಂದು ಕಾಣುತ್ತದೆ, ಎರಡನೆಯದು ಮಾತ್ರ 20-04-2024 ಎಂದೇ ಉಳಿಯುತ್ತದೆ. ಡಿಸೈನ್ ವ್ಯೂ ದಿನಾಂಕವನ್ನು ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಂತೆ, ಅಂದರೆ ನಮ್ಮಲ್ಲಿ ದಿನ-ತಿಂಗಳು-ವರ್ಷದ ಕ್ರಮದಲ್ಲಿ ತೋರಿಸುತ್ತದೆ. ಆದರೆ ಎಸ್‌ಕ್ಯೂಎಲ್ ವಾಕ್ಯದೊಳಗೆ ಹ್ಯಾಷ್‌ಗಳ ನಡುವೆ ಬರೆದ ದಿನಾಂಕವನ್ನು ಆಕ್ಸೆಸ್‌ನ ಡೇಟಾಬೇಸ್ ಎಂಜಿನ್ ರೀಜನ್ ಸೆಟ್ಟಿಂಗ್ ಏನೇ ಇದ್ದರೂ ಅಮೆರಿಕದ ಕ್ರಮದಲ್ಲಿ, ಮೊದಲು ತಿಂಗಳು ಆಮೇಲೆ ದಿನ ಎಂದು ಓದುತ್ತದೆ. 10-04 ಎಂಬುದು ಅದಕ್ಕೆ ಅಕ್ಟೋಬರ್ 4. 20-04 ಎಂದಾಗ ಇಪ್ಪತ್ತನೆಯ ತಿಂಗಳು ಇಲ್ಲದ ಕಾರಣ ತಪ್ಪೆಂದು ಹೇಳದೆ, ಸದ್ದಿಲ್ಲದೆ ಎರಡನ್ನೂ ತಿರುಗಿಸಿ ಏಪ್ರಿಲ್ 20 ಎಂದು ಒಪ್ಪಿಕೊಳ್ಳುತ್ತದೆ. ಅಕ್ಟೋಬರ್ 4ರ ನಂತರದ್ದೂ ಆಗಿ, ಏಪ್ರಿಲ್ 20ರ ಮುಂಚಿನದ್ದೂ ಆಗಿರುವ ರಸೀದಿ ಅದೇ ವರ್ಷದಲ್ಲಿ ಇರಲು ಸಾಧ್ಯವಿಲ್ಲ. ಆದ್ದರಿಂದ ಸೊನ್ನೆ ಸಾಲು, ಆದ್ದರಿಂದ ಖಾಲಿ ಹಾಳೆ.

ಈ ಒಂದು ನಿಯಮ ಗೊತ್ತಾದ ಮೇಲೆ ಗುಮಾಸ್ತರು ಹೇಳಿದ ಪ್ರತಿಯೊಂದು ವಿಚಿತ್ರವೂ ತಾನಾಗಿ ಬಿಡಿಸಿಕೊಂಡಿತು. ಏಪ್ರಿಲ್ 1ರಿಂದ 30ರವರೆಗೆ ಕೇಳಿದರೆ ಆರಂಭದ ದಿನಾಂಕ ಜನವರಿ 4 ಆಗುತ್ತದೆ, ಕೊನೆಯದು ಏಪ್ರಿಲ್ 30 ಆಗಿಯೇ ಉಳಿಯುತ್ತದೆ. ಹಾಗಾಗಿ ಮೂರು ತಿಂಗಳ ರಸೀದಿಗಳು ಹೆಚ್ಚಾಗಿ ಬಂದು ಬೀಳುತ್ತವೆ. ಏಪ್ರಿಲ್ 5ರ ಒಂದು ದಿನದ ಲೆಕ್ಕ ಕೇಳಿದರೆ ಮೇ 4ರ ಲೆಕ್ಕ ಬರುತ್ತದೆ. 12ನೇ ತಾರೀಕಿನ ನಂತರದ ಎರಡು ದಿನಾಂಕಗಳನ್ನು ಕೊಟ್ಟರೆ ಎಲ್ಲವೂ ಸರಿ, ತಿಂಗಳ ಕೊನೆಗೆ ಸರಿಯಾಗುತ್ತದೆ ಎಂಬ ಮಾತಿನ ಅರ್ಥ ಇದೇ. ಇದರಲ್ಲಿ ಮೋಸ ಮಾಡುವ ಇನ್ನೊಂದು ಸಂಗತಿಯೂ ಇದೆ: ಪ್ರತಿ ತಿಂಗಳಿನ ಮೊದಲ ಹನ್ನೆರಡು ದಿನಗಳಲ್ಲಿ ಒಂದು ದಿನ, ಏಪ್ರಿಲ್ 4, ಮೇ 5, ಜೂನ್ 6 ಹೀಗೆ, ತಿರುಗಿಸಿದರೂ ಅದೇ ಆಗಿರುವ ಕಾರಣ ಸರಿಯಾಗಿಯೇ ಬರುತ್ತದೆ. ಆ ದಿನ ಪರೀಕ್ಷೆ ಮಾಡಿದವರು ಎಲ್ಲವೂ ಸರಿಯಿದೆ ಎಂದು ಹೇಳಿ ಹೋಗಿದ್ದರೆ ಅವರನ್ನು ದೂರುವಂತಿಲ್ಲ.

ಕಾರ್ಯದರ್ಶಿಗಳ ಕಂಪ್ಯೂಟರಿನಲ್ಲಿ ಏಕೆ ಸರಿ ಬರುತ್ತಿತ್ತು? ಅದರಲ್ಲಿ ವಿಂಡೋಸ್ ಹಾಕುವಾಗ ರೀಜನ್ ಅನ್ನು ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಎಂದೇ ಬಿಡಲಾಗಿತ್ತು. ದಿನಾಂಕವನ್ನು ಅಕ್ಷರಗಳಿಗೆ ಅಂಟಿಸುವಾಗ, ಆಕ್ಸೆಸ್‌ನ ಕೋಡ್ ಬರೆಯುವ ವಿಬಿಎ ಭಾಷೆ ವಿಂಡೋಸ್‌ನ ಶಾರ್ಟ್ ಡೇಟ್ ಕ್ರಮವನ್ನು ಬಳಸುತ್ತದೆ. ಆ ಯಂತ್ರದಲ್ಲಿ ಅದು ತಿಂಗಳು ಮೊದಲಾಗಿಯೇ ಬರುತ್ತಿದ್ದುದರಿಂದ ಎಂಜಿನ್‌ಗೆ ಬೇಕಾದ ಕ್ರಮಕ್ಕೆ ಆಕಸ್ಮಿಕವಾಗಿ ಹೊಂದಿಕೊಂಡಿತ್ತು. ಕೌಂಟರಿನ ಯಂತ್ರದಲ್ಲಿ ಇಂಗ್ಲಿಷ್ ಇಂಡಿಯಾ ಎಂದು ಸರಿಯಾಗಿ ಹಾಕಿದ್ದರು, ಅದಕ್ಕೇ ಅಲ್ಲಿ ಕೆಟ್ಟಿತು. ಕೌಂಟರಿನ ರೀಜನ್ ಅನ್ನೂ ಅಮೆರಿಕದ್ದಕ್ಕೆ ಬದಲಾಯಿಸಿದರೆ ಕೆಲಸ ಮುಗಿಯುತ್ತದಲ್ಲ ಎಂಬ ಸಲಹೆ ಕಚೇರಿಯಲ್ಲೇ ಬಂತು. ಅದನ್ನು ಒಪ್ಪಲಿಲ್ಲ. ಹಾಗೆ ಮಾಡಿದರೆ ಗುಮಾಸ್ತರು ಅಭ್ಯಾಸಬಲದಿಂದ 05-04-2024 ಎಂದು ಟೈಪ್ ಮಾಡಿದ ರಸೀದಿ ಟೇಬಲ್‌ನಲ್ಲೇ ಮೇ 4 ಎಂದು ಕುಳಿತುಬಿಡುತ್ತದೆ. ಹುಡುಕಾಟದ ತಪ್ಪನ್ನು ತಿದ್ದಲು ಹೋಗಿ ಲೆಕ್ಕವನ್ನೇ ಕೆಡಿಸಿಕೊಂಡಂತಾಗುತ್ತದೆ. ಬದಲಿಗೆ ಕಾರ್ಯದರ್ಶಿಗಳ ಯಂತ್ರವನ್ನೇ ಇಂಡಿಯಾ ಸೆಟ್ಟಿಂಗ್‌ಗೆ ತಂದು, ಅಲ್ಲಿಂದ ನಮೂದಾದ ರಸೀದಿಗಳಲ್ಲಿ ದಿನ 12 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಪುಸ್ತಕದ ರಸೀದಿ ಸಂಖ್ಯೆಯ ಅನುಕ್ರಮದೊಡನೆ ತಾಳೆ ನೋಡಿದೆವು. ಸಂಖ್ಯೆ ಮುಂದಕ್ಕೆ ಹೋಗುತ್ತಿರುವಾಗ ದಿನಾಂಕ ತಟ್ಟನೆ ಬೇರೆ ತಿಂಗಳಿಗೆ ಹಾರಿ ಮರಳಿದ ಜಾಗಗಳು ಸುಲಭವಾಗಿ ಸಿಕ್ಕವು.

ದುರಸ್ತಿಗೆ ಎರಡು ದಾರಿಗಳಿದ್ದವು. ವಾಕ್ಯವನ್ನು ಜೋಡಿಸುವ ಪದ್ಧತಿಯನ್ನೇ ಉಳಿಸಿಕೊಂಡು, ಅಂಟಿಸುವ ಮೊದಲು ಫಾರ್ಮ್ಯಾಟ್ ಫಂಕ್ಷನ್‌ನಿಂದ ದಿನಾಂಕವನ್ನು ನಾಲ್ಕಂಕಿಯ ವರ್ಷ, ಎರಡಂಕಿಯ ತಿಂಗಳು, ಎರಡಂಕಿಯ ದಿನ ಎಂಬ ಕ್ರಮಕ್ಕೆ, ಅಂದರೆ #2024-04-10# ರೂಪಕ್ಕೆ ತರುವುದು ಒಂದು. ವರ್ಷ ಮೊದಲಿದ್ದರೆ ಎಂಜಿನ್‌ಗೆ ಗೊಂದಲವೇ ಇರುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಅಮೆರಿಕದ ಕ್ರಮವನ್ನೇ ಬಳಸುತ್ತೇನೆ ಎನ್ನುವವರು ಫಾರ್ಮ್ಯಾಟ್‌ನೊಳಗೆ ಓರೆಗೆರೆ ಬರೆದರೆ, ಆ ಫಂಕ್ಷನ್ ಅದನ್ನು ಓರೆಗೆರೆಯೆಂದು ಪರಿಗಣಿಸದೆ ವಿಂಡೋಸ್‌ನ ದಿನಾಂಕ ವಿಭಜಕವೆಂದು ತಿಳಿದು ನಮ್ಮ ಯಂತ್ರಗಳಲ್ಲಿ ಅಡ್ಡಗೆರೆಯನ್ನು ಹಾಕುತ್ತದೆ, ಓರೆಗೆರೆಯೇ ಬೇಕಿದ್ದರೆ ಅದರ ಹಿಂದೆ ಹಿಮ್ಮುಖ ಓರೆಗೆರೆಯನ್ನು ಇಡಬೇಕು. ಇನ್ನೊಂದು ದಾರಿ, ದಿನಾಂಕವನ್ನು ಅಕ್ಷರವಾಗಿಸುವುದನ್ನೇ ಬಿಟ್ಟು, ಸೇವ್ ಮಾಡಿದ ಕ್ವೆರಿಯೊಂದು ಟೆಕ್ಸ್ಟ್ ಬಾಕ್ಸ್‌ನಿಂದ ನೇರವಾಗಿ ದಿನಾಂಕವನ್ನು ಪಡೆಯುವಂತೆ ಮಾಡುವುದು. ನನಗೆ ಎರಡನೆಯದೇ ಮೆಚ್ಚುಗೆ, ಅದನ್ನೇ ಹಾಕಿದೆ. ವಾಕ್ಯದ ಮೊದಲ ಸಾಲಿನಲ್ಲಿ ಎರಡು ಪ್ಯಾರಾಮೀಟರ್‌ಗಳನ್ನು, ಅಂದರೆ ಕ್ವೆರಿ ಓಡುವಾಗ ಹೊರಗಿನಿಂದ ಪಡೆಯುವ ಬೆಲೆಗಳನ್ನು, ಘೋಷಿಸಿದೆ:

ಪ್ಯಾರಾಮೀಟರ್ಸ್ [ಫಾರ್ಮ್ಸ್]![ಹುಡುಕಾಟ]![ಇಂದ] ಡೇಟ್‌ಟೈಮ್, [ಫಾರ್ಮ್ಸ್]![ಹುಡುಕಾಟ]![ವರೆಗೆ] ಡೇಟ್‌ಟೈಮ್;

ಈ ಘೋಷಣೆ ಇಲ್ಲದೆಯೂ ಕ್ವೆರಿ ಓಡುತ್ತದೆ, ಆದ್ದರಿಂದಲೇ ಹೆಚ್ಚಿನವರು ಇದನ್ನು ಬರೆಯುವುದಿಲ್ಲ. ಆದರೆ ಯಾವ ಕಾಲಂಗೂ ಕಟ್ಟಿರದ ಟೆಕ್ಸ್ಟ್ ಬಾಕ್ಸ್‌ನಲ್ಲಿರುವುದು ದಿನಾಂಕವೋ ಬರಿಯ ಅಕ್ಷರಗಳೋ ಎಂಬುದನ್ನು ಆಕ್ಸೆಸ್ ಊಹಿಸಬೇಕಾಗುತ್ತದೆ, ಊಹೆ ತಪ್ಪಿದರೆ ಹೋಲಿಕೆ ಅಕ್ಷರಗಳ ಹೋಲಿಕೆಯಾಗಿಬಿಡುತ್ತದೆ. ಅದೇ ಕಾರಣಕ್ಕೆ ಎರಡೂ ಟೆಕ್ಸ್ಟ್ ಬಾಕ್ಸ್‌ಗಳ ಫಾರ್ಮ್ಯಾಟ್ ಗುಣವನ್ನು ಶಾರ್ಟ್ ಡೇಟ್ ಎಂದು ಇಟ್ಟೆ. ಹೀಗಿಟ್ಟರೆ ದಿನಾಂಕವಲ್ಲದ್ದನ್ನು ಟೈಪ್ ಮಾಡಿದಾಗ ಆಕ್ಸೆಸ್ ಅಲ್ಲಿಯೇ ತಡೆಯುತ್ತದೆ, ಪಕ್ಕದಲ್ಲಿ ಚಿಕ್ಕ ಕ್ಯಾಲೆಂಡರಿನ ಚಿತ್ರವೂ ಬರುತ್ತದೆ. ಬಟನ್‌ನ ಕೋಡ್‌ನಲ್ಲಿ ಈಗ ಉಳಿದಿರುವುದು ಸಬ್‌ಫಾರಂ ಅನ್ನು ರಿಕ್ವೆರಿ ಮಾಡುವ, ಅಂದರೆ ಅದರ ಕ್ವೆರಿಯನ್ನು ಮತ್ತೆ ಓಡಿಸುವ ಒಂದೇ ಸಾಲು. ಫಾರಂನ ಅಥವಾ ಬಾಕ್ಸ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ, ಇಲ್ಲವೇ ಹುಡುಕಾಟದ ಫಾರಂ ತೆರೆದಿರದಿದ್ದರೂ, ‘ಎಂಟರ್ ಪ್ಯಾರಾಮೀಟರ್ ವ್ಯಾಲ್ಯೂ’ ಎಂಬ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅದನ್ನು ಕಂಡು ಕಿರಿಕಿರಿಪಡುವವರು ಬಹಳ. ನನ್ನ ಲೆಕ್ಕದಲ್ಲಿ ಅದು ಉಪಕಾರಿ, ಏಕೆಂದರೆ ಸುಮ್ಮನೆ ಖಾಲಿ ಹಾಳೆ ತೋರಿಸುವುದಕ್ಕಿಂತ ಯಾವ ಹೆಸರು ಸಿಗಲಿಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತದೆ.

ಇಷ್ಟಾದ ಮೇಲೆ ಏಪ್ರಿಲ್ 1ರಿಂದ 30ರವರೆಗಿನ ಮೊತ್ತವನ್ನು ನಗದು ಪುಸ್ತಕದ ಮೊತ್ತದೊಡನೆ ಹೋಲಿಸಿದರೆ ಫಾರಂನ ಮೊತ್ತ ಕಡಿಮೆ ಇತ್ತು. ಬಿಟ್ಟುಹೋಗಿದ್ದೆಲ್ಲವೂ 30ನೇ ತಾರೀಕಿನವೇ. ಇದು ಹಿಂದಿನ ದೋಷದ ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ದೋಷ. ಆಕ್ಸೆಸ್ ದಿನಾಂಕವನ್ನು 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಡುತ್ತದೆ. ಪೂರ್ಣಾಂಕ ದಿನವನ್ನೂ ದಶಾಂಶ ಭಾಗ ದಿನದೊಳಗಿನ ವೇಳೆಯನ್ನೂ ಸೂಚಿಸುತ್ತವೆ. 2024ರ ಏಪ್ರಿಲ್ 1 ಎಂದರೆ 45383, ಏಪ್ರಿಲ್ 30 ಎಂದರೆ 45412. ವೇಳೆ ಹೇಳದೆ ಬರಿಯ ಏಪ್ರಿಲ್ 30 ಎಂದರೆ ಅದು ಆ ದಿನ ಆರಂಭವಾಗುವ ನಡುರಾತ್ರಿ. ಅಂದು ಮಧ್ಯಾಹ್ನ 12 ಗಂಟೆಗೆ ಹರಿದ ರಸೀದಿ 45412.5 ಆಗಿರುತ್ತದೆ, ಅದು 45412ಕ್ಕಿಂತ ದೊಡ್ಡದು, ಆದ್ದರಿಂದ “30ರವರೆಗೆ” ಎಂಬ ಷರತ್ತಿನ ಹೊರಗೆ ಬೀಳುತ್ತದೆ. ಬಿಟ್ವೀನ್ ಬಳಸಿದರೂ ಇದೇ ಕಥೆ. ಟೇಬಲ್ ತೆರೆದು ನೋಡಿದರೆ ಇದು ಕಾಣುವುದಿಲ್ಲ, ಏಕೆಂದರೆ ಕಾಲಂನ ಫಾರ್ಮ್ಯಾಟ್ ಶಾರ್ಟ್ ಡೇಟ್ ಆಗಿದ್ದು ವೇಳೆಯನ್ನು ಮರೆಮಾಡಿರುತ್ತದೆ. ಫಾರ್ಮ್ಯಾಟ್ ತೋರಿಕೆಯನ್ನಷ್ಟೇ ಬದಲಾಯಿಸುತ್ತದೆ, ಒಳಗಿರುವುದನ್ನಲ್ಲ. ಕಾಲಂನಿಂದ ಅದರದೇ ಪೂರ್ಣಾಂಕ ಭಾಗವನ್ನು ಕಳೆದು ಉಳಿಕೆ ಸೊನ್ನೆಗಿಂತ ಹೆಚ್ಚಿರುವ ಸಾಲುಗಳನ್ನು ಒಂದು ಕ್ವೆರಿಯಲ್ಲಿ ಹೊರತೆಗೆದಾಗ ಒಂದು ಹಂತದಿಂದ ಮುಂದಿನ ಎಲ್ಲ ರಸೀದಿಗಳೂ ಸಿಕ್ಕವು. ಡಿಫಾಲ್ಟ್ ವ್ಯಾಲ್ಯೂ ಜಾಗದಲ್ಲಿ ಇಂದಿನ ದಿನಾಂಕ ಕೊಡುವ ಡೇಟ್ ಫಂಕ್ಷನ್ ಬದಲಿಗೆ, ವೇಳೆಯನ್ನೂ ಸೇರಿಸಿ ಕೊಡುವ ನೌ ಫಂಕ್ಷನ್ ಅನ್ನು ಯಾರೋ ಇಟ್ಟಿದ್ದರು.

ವೇಳೆಯನ್ನು ಅಳಿಸಿಹಾಕಬಹುದಿತ್ತು, ಆದರೆ ರಸೀದಿ ಎಷ್ಟು ಹೊತ್ತಿಗೆ ಹರಿಯಿತು ಎಂಬುದು ಲೆಕ್ಕಪರಿಶೋಧನೆಯಲ್ಲಿ ಉಪಯೋಗಕ್ಕೆ ಬರುವ ಮಾಹಿತಿ, ಅದನ್ನು ಕಳೆಯಲು ಮನಸ್ಸಾಗಲಿಲ್ಲ. ಷರತ್ತನ್ನೇ ಬದಲಿಸಿದೆ (ಬಾಕ್ಸ್‌ಗಳ ಪೂರ್ತಿ ಹೆಸರನ್ನು ಇಲ್ಲಿ ಚಿಕ್ಕದಾಗಿಸಿ ಬರೆದಿದ್ದೇನೆ):

ವೇರ್ ರಸೀದಿದಿನಾಂಕ >= [ಇಂದ] ಆಂಡ್ ರಸೀದಿದಿನಾಂಕ < [ವರೆಗೆ] + 1

ಕೊನೆಯ ದಿನಕ್ಕೆ ಒಂದನ್ನು ಕೂಡಿಸಿ, ಅದಕ್ಕಿಂತ ಕಡಿಮೆ ಎಂದರೆ ಆ ದಿನದ ಕಟ್ಟಕಡೆಯ ಕ್ಷಣವೂ ಒಳಗೆ ಬರುತ್ತದೆ, ಮರುದಿನದ ನಡುರಾತ್ರಿ ಒಳಗೆ ಬರುವುದಿಲ್ಲ. ಕೆಲವರು ಕೊನೆಯ ದಿನಾಂಕಕ್ಕೆ 23:59:59 ಎಂದು ಅಂಟಿಸುತ್ತಾರೆ. ಅದಕ್ಕಾಗಿ ಮತ್ತೆ ಅಕ್ಷರಗಳ ಜೋಡಣೆಗೆ ಇಳಿಯಬೇಕು. ಇನ್ನು ಕೆಲವರು ಕಾಲಂ ಅನ್ನೇ ಡೇಟ್‌ವ್ಯಾಲ್ಯೂ ಅಥವಾ ಫಾರ್ಮ್ಯಾಟ್ ಫಂಕ್ಷನ್‌ನೊಳಗೆ ಹಾಕಿ ಹೋಲಿಸುತ್ತಾರೆ. ಹಾಗೆ ಮಾಡಿದರೆ ಬೇಗ ಹುಡುಕಲೆಂದು ಆ ಕಾಲಂ ಮೇಲೆ ಇಟ್ಟ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಎಂಜಿನ್ ಪ್ರತಿಯೊಂದು ಸಾಲನ್ನೂ ಲೆಕ್ಕ ಹಾಕಿ ನೋಡಬೇಕಾಗುತ್ತದೆ, ಫೈಲ್ ನೆಟ್‌ವರ್ಕ್ ಆಚೆಗಿದ್ದರೆ ಆ ನಿಧಾನ ಕೌಂಟರಿನ ಮುಂದೆ ನಿಂತವರಿಗೂ ಗೊತ್ತಾಗುತ್ತದೆ. ಅಲ್ಲದೆ ಫಾರ್ಮ್ಯಾಟ್ ಮಾಡಿದ್ದು ಅಕ್ಷರವಾಗುವುದರಿಂದ ಅದರ ಹೋಲಿಕೆ ದಿನಾಂಕದ ಹೋಲಿಕೆಯಾಗಿ ಉಳಿಯುವುದೇ ಇಲ್ಲ.

ಮುಂದಿನ ತೊಡಕು ಫಾರಂ ತೆರೆಯುವಾಗಿನದು. ತೆರೆದ ಕೂಡಲೇ ಆ ದಿನದ ರಸೀದಿಗಳು ಕಾಣಲಿ ಎಂದು ಮುಖ್ಯ ಫಾರಂನ ಲೋಡ್ ಈವೆಂಟ್‌ನಲ್ಲಿ ಎರಡೂ ಬಾಕ್ಸ್‌ಗಳಿಗೆ ಇಂದಿನ ದಿನಾಂಕ ತುಂಬುವ ಸಾಲುಗಳಿದ್ದವು. ಬಾಕ್ಸ್‌ಗಳಲ್ಲಿ ದಿನಾಂಕ ಕಾಣುತ್ತಿತ್ತು, ಕೆಳಗೆ ಮಾತ್ರ ಖಾಲಿ. ‘ತೋರಿಸು’ ಒತ್ತಿದರೆ ಬರುತ್ತಿತ್ತು. ಆಕ್ಸೆಸ್‌ನಲ್ಲಿ ಸಬ್‌ಫಾರಂ ಮುಖ್ಯ ಫಾರಂಗಿಂತ ಮೊದಲು ಲೋಡ್ ಆಗುತ್ತದೆ. ಸಬ್‌ಫಾರಂನ ಕ್ವೆರಿ ಓಡುವ ಹೊತ್ತಿಗೆ ಬಾಕ್ಸ್‌ಗಳು ಇನ್ನೂ ಖಾಲಿ; ಖಾಲಿಯೊಂದಿಗೆ, ಅಂದರೆ ನಲ್ ಜೊತೆಗೆ, ಮಾಡಿದ ಯಾವ ಹೋಲಿಕೆಯೂ ನಿಜವಾಗುವುದಿಲ್ಲ. ಸಬ್‌ಫಾರಂನ ರೆಕಾರ್ಡ್ ಸೋರ್ಸ್ ಅನ್ನು ಡಿಸೈನ್‌ನಲ್ಲಿ ಖಾಲಿ ಬಿಟ್ಟು, ಮುಖ್ಯ ಫಾರಂನ ಲೋಡ್‌ನಲ್ಲಿ ದಿನಾಂಕಗಳನ್ನು ತುಂಬಿದ ನಂತರ ಕ್ವೆರಿಯ ಹೆಸರನ್ನು ಅದಕ್ಕೆ ಕೊಟ್ಟೆ. ಇದರಿಂದ ಒಮ್ಮೆ ವ್ಯರ್ಥವಾಗಿ ಓಡಿ ಇನ್ನೊಮ್ಮೆ ಓಡುವುದೂ ತಪ್ಪಿತು. ಬಾಕ್ಸ್ ಖಾಲಿ ಬಿಟ್ಟರೆ ಆ ಕಡೆಗೆ ಮಿತಿಯೇ ಇಲ್ಲವೆಂದು ತಿಳಿಯಬೇಕೆಂಬುದು ಕಾರ್ಯದರ್ಶಿಗಳ ಬೇಡಿಕೆಯಾಗಿತ್ತು. ಅದಕ್ಕೆ ಪ್ರತಿ ಷರತ್ತಿನ ಪಕ್ಕದಲ್ಲಿ, ಕಂಸದೊಳಗೆ, ‘ಆರ್ [ಇಂದ] ಈಸ್ ನಲ್’ ಎಂದು ಸೇರಿಸಿದರೆ ಸಾಕು; ಆದರೆ ಅದನ್ನು ಎಸ್‌ಕ್ಯೂಎಲ್ ವ್ಯೂನಲ್ಲಿ ಬರೆದು ಅಲ್ಲಿಂದಲೇ ಸೇವ್ ಮಾಡಬೇಕು. ಡಿಸೈನ್ ವ್ಯೂಗೆ ಹೋಗಿ ಸೇವ್ ಮಾಡಿದರೆ ಆಕ್ಸೆಸ್ ಆ ಷರತ್ತುಗಳನ್ನು ಹಲವು ಸಾಲುಗಳಾಗಿ ಹರಡಿ ಗುರುತು ಸಿಗದ ಹಾಗೆ ಮಾಡುತ್ತದೆ.

ಫಾರಂ ಸರಿಯಾದ ಮೇಲೆ, ಅದೇ ಕ್ವೆರಿಯನ್ನು ಬಳಸಿ ಎಕ್ಸೆಲ್‌ಗೆ ಕಳಿಸುವ ಹಳೆಯ ಕೋಡ್ ನಿಂತುಹೋಯಿತು: ದೋಷ ಸಂಖ್ಯೆ 3061, ‘ಟೂ ಫ್ಯೂ ಪ್ಯಾರಾಮೀಟರ್ಸ್, ಎಕ್ಸ್‌ಪೆಕ್ಟೆಡ್ 2’. ಫಾರಂ ಮೂಲಕ ಓಡಿದಾಗ ಬಾಕ್ಸ್‌ಗಳ ಬೆಲೆಯನ್ನು ಹುಡುಕಿ ತಂದುಕೊಡುವುದು ಆಕ್ಸೆಸ್. ಕೋಡ್‌ನಲ್ಲಿ ಓಪನ್‌ರೆಕಾರ್ಡ್‌ಸೆಟ್ ಎಂದು ನೇರವಾಗಿ ಎಂಜಿನ್ ಅನ್ನೇ ಕೇಳಿದರೆ, ಅದಕ್ಕೆ ಫಾರಂಗಳ ಪರಿಚಯವೇ ಇಲ್ಲ. ಸೇವ್ ಮಾಡಿದ ಕ್ವೆರಿಯನ್ನು ಕೋಡ್‌ನಲ್ಲಿ ಕ್ವೆರಿಡೆಫ್ ಆಗಿ ತೆರೆದು, ಅದರ ಪ್ರತಿಯೊಂದು ಪ್ಯಾರಾಮೀಟರ್‌ಗೂ ಅದರ ಹೆಸರನ್ನೇ ಇವ್ಯಾಲ್ ಫಂಕ್ಷನ್‌ಗೆ ಕೊಟ್ಟು ಬಂದ ಬೆಲೆಯನ್ನು ತುಂಬಿ, ಆಮೇಲೆ ರೆಕಾರ್ಡ್‌ಸೆಟ್ ತೆರೆದರೆ ಮುಗಿಯಿತು.

ಹೆಚ್ಚು ಶ್ರಮ ಬೇಡಿದ್ದು ಹಳೆಯ ವರ್ಷಗಳ ರಸೀದಿಗಳು. ಅವು ಎಕ್ಸೆಲ್ ಹಾಳೆಗಳಿಂದ ಬಂದಿದ್ದು ಬೇರೊಂದು ಟೇಬಲ್‌ನಲ್ಲಿದ್ದವು. ಅದರ ದಿನಾಂಕದ ಕಾಲಂ ದಿನಾಂಕವಾಗಿರದೆ ಶಾರ್ಟ್ ಟೆಕ್ಸ್ಟ್ ಆಗಿತ್ತು, ಒಳಗೆ 05.04.2019 ಎಂಬಂತೆ ಚುಕ್ಕಿ ಇಟ್ಟು ಬರೆದ ಅಕ್ಷರಗಳು. ಅಕ್ಷರಗಳ ಹೋಲಿಕೆ ಎಡದಿಂದ ಆರಂಭವಾಗುವುದರಿಂದ 05.04.2019 ಎಂಬುದು 01.12.2023ಕ್ಕಿಂತ ದೊಡ್ಡದಾಗುತ್ತದೆ, ವರ್ಷದವರೆಗೆ ಹೋಲಿಕೆ ಹೋಗುವುದೇ ಇಲ್ಲ. ಹೊಸದೊಂದು ಡೇಟ್‌ಟೈಮ್ ಕಾಲಂ ಸೇರಿಸಿ, ಹಳೆಯದನ್ನು ಮುಟ್ಟದೆ, ಅಪ್‌ಡೇಟ್ ಕ್ವೆರಿಯಿಂದ ತುಂಬುವುದೆಂದು ತೀರ್ಮಾನಿಸಿದೆ. ಇದಕ್ಕೆ ಸಿಡೇಟ್ ಫಂಕ್ಷನ್ ಬಳಸುವುದು ಸುಲಭವೆನಿಸುತ್ತದೆ, ಆದರೆ ಅದು ವಿಂಡೋಸ್ ಸೆಟ್ಟಿಂಗ್‌ಗೆ ಅಧೀನ, ಕ್ರಮ ಹೊಂದದಿದ್ದರೆ ದಿನ, ತಿಂಗಳುಗಳನ್ನು ತಾನೇ ತಿರುಗಿಸಿ ಒಪ್ಪಿಕೊಳ್ಳುವ ಗುಣವೂ ಅದಕ್ಕಿದೆ. ಅದರ ಬದಲು, ಬಲಗಡೆಯ ನಾಲ್ಕು ಅಕ್ಷರಗಳನ್ನು ವರ್ಷವಾಗಿ, ನಡುವಿನ ಎರಡನ್ನು ತಿಂಗಳಾಗಿ, ಎಡದ ಎರಡನ್ನು ದಿನವಾಗಿ ತೆಗೆದು ಡೇಟ್‌ಸೀರಿಯಲ್ ಫಂಕ್ಷನ್‌ಗೆ ಕೊಟ್ಟೆ. ಹತ್ತು ಅಕ್ಷರಗಳಿಲ್ಲದ ಸಾಲುಗಳನ್ನು ಮೊದಲೇ ಬೇರೆ ಪಟ್ಟಿ ಮಾಡಿ ಕೈಯಿಂದ ನೋಡಲು ಇಟ್ಟಿದ್ದಾಯಿತು. ಅವುಗಳಲ್ಲಿ ಹೆಚ್ಚಿನವು ಎರಡಂಕಿಯ ವರ್ಷದವು.

ಡೇಟ್‌ಸೀರಿಯಲ್‌ಗೂ ಒಂದು ಚಾಳಿ ಇದೆ. ಜೂನ್ 31 ಎಂದು ಕೊಟ್ಟರೆ ಅದು ತಕರಾರು ಮಾಡದೆ ಜುಲೈ 1 ಎಂದು ಲೆಕ್ಕ ಹಾಕಿ ಕೊಡುತ್ತದೆ. ಕೈಯಲ್ಲಿ ಬರೆದ ಪುಸ್ತಕದಿಂದ ಎಕ್ಸೆಲ್‌ಗೆ ಇಳಿಸುವಾಗ 31.06 ಎಂದು ಬಿದ್ದ ರಸೀದಿಗಳು ನಿಜವಾಗಿಯೂ ಇದ್ದವು. ಆದ್ದರಿಂದ ತುಂಬಿದ ಮೇಲೆ ಹೊಸ ಕಾಲಂನ ದಿನದ ಸಂಖ್ಯೆಯನ್ನು ಹಳೆಯ ಕಾಲಂನ ಮೊದಲ ಎರಡು ಅಕ್ಷರಗಳೊಡನೆ ಹೋಲಿಸಿ, ಹೊಂದದ ಸಾಲುಗಳನ್ನು ಹೊರತೆಗೆದು, ಪುಸ್ತಕ ನೋಡಿ ತಿದ್ದಿಸಿದೆ. ಎರಡಂಕಿಯ ವರ್ಷವನ್ನು ಯಾವ ಶತಮಾನಕ್ಕೆ ಸೇರಿಸಬೇಕೆಂಬುದನ್ನು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನಿರ್ಧರಿಸುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಆ ಗಡಿ 2029. ಅಂಥ ಯಂತ್ರದಲ್ಲಿ ಸಾಲದ ಕೊನೆಯ ಕಂತಿನ ದಿನಾಂಕವನ್ನು 31-03-30 ಎಂದು ಟೈಪ್ ಮಾಡಿದರೆ ಅದು 1930ಕ್ಕೆ ಹೋಗಿ ಕೂರುತ್ತದೆ, ಗಡುವು ಮೀರಿದ ಸಾಲಗಳ ಪಟ್ಟಿಯ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಎಲ್ಲ ದಿನಾಂಕ ಕಾಲಂಗಳಿಗೂ 2000ಕ್ಕಿಂತ ಹಿಂದಿನದನ್ನು ಒಪ್ಪದ ವ್ಯಾಲಿಡೇಷನ್ ರೂಲ್ ಒಂದನ್ನು ಹಾಕಿದ್ದು ಇದರಿಂದಲೇ.

ಸಾಲುಗಳು ನಿಜವಾಗಿಯೂ ಇಲ್ಲದಿದ್ದಾಗ ಖಾಲಿ ಹಾಳೆ ಮತ್ತೆ ಗಾಬರಿ ಹುಟ್ಟಿಸಬಾರದು. ಅದಕ್ಕೆ “ಈ ದಿನಾಂಕಗಳಲ್ಲಿ ರಸೀದಿ ಇಲ್ಲ” ಎಂದು ಕನ್ನಡದಲ್ಲೇ ತಿಳಿಸಬೇಕಿತ್ತು. ವಿಬಿಎ ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ, ಮೆಸೇಜ್ ಬಾಕ್ಸ್‌ನಲ್ಲಿಯೂ ಅದೇ ಗತಿ. ಫಾರಂ, ಟೇಬಲ್‌ಗಳಲ್ಲಿ ಮಾತ್ರ ಯುನಿಕೋಡ್ ಕನ್ನಡ ಸರಿಯಾಗಿ ನಿಲ್ಲುತ್ತದೆ. ಆದ್ದರಿಂದ ಮುಖ್ಯ ಫಾರಂನ ತಲೆಭಾಗದಲ್ಲಿ ಆ ವಾಕ್ಯವಿರುವ ಲೇಬಲ್ ಒಂದನ್ನು ಮರೆಯಾಗಿಟ್ಟು, ರಿಕ್ವೆರಿ ಆದ ಕೂಡಲೇ ಸಬ್‌ಫಾರಂನ ರೆಕಾರ್ಡ್‌ಸೆಟ್‌ಕ್ಲೋನ್‌ನಲ್ಲಿ ಸಾಲುಗಳ ಸಂಖ್ಯೆ ಸೊನ್ನೆಯಾಗಿದ್ದರೆ ಅದನ್ನು ಕಾಣಿಸುವಂತೆ ಮಾಡಿದೆ. ಜೊತೆಗೆ ‘ಈ ಆರ್ಥಿಕ ವರ್ಷ’ ಎಂಬ ಬಟನ್ ಕೂಡ ಸೇರಿತು. ಈಗಿನ ತಿಂಗಳು ಏಪ್ರಿಲ್‌ಗಿಂತ ಮೊದಲಿನದಾದರೆ ಹಿಂದಿನ ವರ್ಷ, ಇಲ್ಲದಿದ್ದರೆ ಈ ವರ್ಷ ಎಂದು ತೆಗೆದುಕೊಂಡು, ಡೇಟ್‌ಸೀರಿಯಲ್‌ನಿಂದಲೇ ಏಪ್ರಿಲ್ 1 ಮತ್ತು ಮಾರ್ಚ್ 31 ಅನ್ನು ಬಾಕ್ಸ್‌ಗಳಿಗೆ ತುಂಬುತ್ತದೆ.

ಪರೀಕ್ಷೆಗೆ ದಿನಾಂಕಗಳನ್ನು ಬೇಕೆಂದೇ ಆರಿಸಿದೆ: ತಿರುಗಿದರೆ ತಕ್ಷಣ ಗೊತ್ತಾಗುವ ಏಪ್ರಿಲ್ 5, ಎರಡು ತುದಿಗಳು ಬೇರೆ ಬೇರೆ ಬಗೆಯಲ್ಲಿ ಓದಲ್ಪಡುವ 10ರಿಂದ 20, ಕೊನೆಯ ದಿನದ ಸಂಜೆಯ ರಸೀದಿ ಇರುವ ತಿಂಗಳು, ಫೆಬ್ರುವರಿ 29, ಆರ್ಥಿಕ ವರ್ಷ ಬದಲಾಗುವ ಮಾರ್ಚ್ 31 ಮತ್ತು ಏಪ್ರಿಲ್ 1. ರೀಜನ್ ಸೆಟ್ಟಿಂಗ್ ಅನ್ನು ನನ್ನ ಸ್ವಂತ ಯಂತ್ರದಲ್ಲಿ ಇಂಡಿಯಾ, ಅಮೆರಿಕ ಎರಡಕ್ಕೂ ಬದಲಿಸಿ, ಕ್ಯಾಲೆಂಡರಿನಿಂದ ಅದೇ ದಿನಗಳನ್ನು ಆರಿಸಿ ಓಡಿಸಿದಾಗ ಮೊತ್ತಗಳು ಒಂದೇ ಬಂದವು, ನಗದು ಪುಸ್ತಕಕ್ಕೂ ಹೊಂದಿದವು. ಆಮೇಲೆ ಎರಡೂ ಕಂಪ್ಯೂಟರುಗಳಿಗೆ ಹೊಸ ಪ್ರತಿಯನ್ನು ಹಾಕಲಾಯಿತು.

ಟೇಬಲ್‌ಗಳನ್ನು ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸುವ ಮಾತು ಸಂಘದಲ್ಲಿ ನಡೆದಿದೆ. ಆಕ್ಸೆಸ್‌ನಿಂದ ಸಾಗಿಸುವ ಮೈಕ್ರೋಸಾಫ್ಟ್‌ನ ಸಲಕರಣೆ ದಿನಾಂಕದ ಕಾಲಂಗಳನ್ನು ತಾನಾಗಿ ಡೇಟ್‌ಟೈಮ್2 ಎಂಬ ಬಗೆಗೆ ಬದಲಾಯಿಸುತ್ತದೆ. ವಿಂಡೋಸ್ ಜೊತೆಗೇ ಬರುವ ಹಳೆಯ ಎಸ್‌ಕ್ಯೂಎಲ್ ಸರ್ವರ್ ಡ್ರೈವರ್‌ನಿಂದ ಲಿಂಕ್ ಮಾಡಿದರೆ ಆ ಕಾಲಂಗಳು ಆಕ್ಸೆಸ್‌ಗೆ ಟೆಕ್ಸ್ಟ್ ಆಗಿಯೇ ಕಾಣುತ್ತವೆ, ಆಗ ಈ ಫಾರಂ ಮತ್ತೆ ಅಕ್ಷರಗಳನ್ನೇ ಹೋಲಿಸಲು ತೊಡಗುತ್ತದೆ. ಆದ್ದರಿಂದ ಎರಡೂ ಕಂಪ್ಯೂಟರುಗಳಲ್ಲಿ ಆ ಹಳೆಯದರ ಬದಲು ಬಳಸುವ ಒಡಿಬಿಸಿ ಡ್ರೈವರ್ 17 ಅನ್ನು ಮೊದಲು ಹಾಕಿ, ಲಿಂಕ್ ಮಾಡಿದ ಟೇಬಲ್ ಅನ್ನು ಡಿಸೈನ್ ವ್ಯೂನಲ್ಲಿ ತೆರೆದು, ರಸೀದಿದಿನಾಂಕದ ಎದುರಿಗೆ ಡೇಟ್‌ಟೈಮ್ ಎಂದು ಇರುವುದನ್ನು ನೋಡಿದ ನಂತರವೇ ಸಾಗಾಣಿಕೆ ಶುರುಮಾಡಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ.